ಬದನೆಕಾಯಿ ಬಣ್ಣದ ಚುಕ್ಕೆ

ನನ್ನ ತಮ್ಮನ ಕೈಗುಣ ಸರಿಯಿಲ್ಲ ಎಂದು ಮೊದಲು ಹೇಳಿದವನು ನಮ್ಮ ಸೋದರಮಾವ. ಮಾವ ಹೇಳಿದ್ದನ್ನು ಅವನ ಅಂಗಡಿಯವರು ಹೇಳಿದರು, ಅಂಗಡಿಯವರು ಹೇಳಿದ್ದನ್ನು ಇಡೀ ಬೀದಿ ಹೇಳಿತು. ಅಮ್ಮ ಹೇಳಲಿಲ್ಲ, ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು. ನಾನು ಮಾತ್ರ ಹೇಳಿದವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ. ನನ್ನ ಬಾಯಿ ಮೊದಲಿಂದಲೂ ಜೋರು. ನಾನು ಗಂಡನ ಮನೆಯಲ್ಲಿ ಬಾಳದೆ ಬಂದದ್ದಕ್ಕೆ ನೆಂಟರು ಕೊಡುವ ಕಾರಣವೂ ಅದೇ. ಆದರೆ ಎಷ್ಟು ಬಾಯಿ ಮಾಡಿದರೇನು, ಕೊನೆಗೆ ತಮ್ಮನೇ ಆ ಮಾತನ್ನು ನಂಬಿಬಿಟ್ಟ.

ಮಾವನದು ಕಂಪ್ಯೂಟರ್ ರಿಪೇರಿ ಅಂಗಡಿ. ಮುಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಮೇಜು, ಮೇಜಿನ ಮೇಲೆ ಹೊಟ್ಟೆ ಬಿಚ್ಚಿದ ಯಂತ್ರಗಳು, ಡಬ್ಬಿ ಮುಚ್ಚಳಗಳಲ್ಲಿ ವಿಂಗಡಿಸಿಟ್ಟ ಸ್ಕ್ರೂಗಳು. ಮೂಲೆಯಲ್ಲಿ ದೊಡ್ಡ ಭೂತಗನ್ನಡಿ ಇರುವ ಇನ್ನೊಂದು ಮೇಜು. ಸುಟ್ಟ ಬೋರ್ಡಿಗೆ ಬೆಸುಗೆ ಹಾಕುವ ಸೂಕ್ಷ್ಮ ಕೆಲಸ ಅಲ್ಲಿ ನಡೆಯುತ್ತದೆ. ಹಿಂದೆ ಗಾಜಿನ ಬಾಗಿಲಿನ ಕೋಣೆ, ಅದು ಮಾವನದು. ಹುಡುಗರು ರಿಪೇರಿ ಮಾಡಿದ ಪ್ರತಿ ಯಂತ್ರವೂ ಗಿರಾಕಿಯ ಕೈಗೆ ಹೋಗುವ ಮೊದಲು ಆ ಕೋಣೆಗೆ ಹೋಗಬೇಕು. ಅದಕ್ಕೆ ‘ಕಡೇ ಚೆಕಿಂಗ್’ ಎಂದು ಹೆಸರು. ಮಾವ ಬಾಗಿಲು ಹಾಕಿಕೊಂಡು ಒಬ್ಬನೇ ಮಾಡುತ್ತಿದ್ದ.

ಈ ಕಸುಬಿನಲ್ಲಿ ಹೊಸಬನಿಗೆ ಸಂಬಳ ಎಷ್ಟು ಎಂದು ಕೇಳಿ ನೋಡಿ, ಒಬ್ಬರೂ ನೆಟ್ಟಗೆ ಉತ್ತರ ಕೊಡುವುದಿಲ್ಲ. ಯಾಕೆಂದರೆ ಒಂದೇ ಸ್ಕ್ರೂಡ್ರೈವರ್ ಹಿಡಿದವರಿಗೆ ನಾಲ್ಕು ಥರದ ಸಂಬಳ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೊರಳಿಗೆ ಕಾರ್ಡು ಹಾಕಿಕೊಂಡವನಿಗೆ ಜಾಸ್ತಿ, ಆದರೆ ಅಲ್ಲಿ ಸರ್ಟಿಫಿಕೇಟು ಬೇಕು, ಫೋನಿನಲ್ಲಿ ಬೆಣ್ಣೆಯಂತೆ ಇಂಗ್ಲಿಷ್ ಬೇಕು. ಬೈಕಿದ್ದವನು ಮನೆಮನೆಗೆ ಹೋಗುತ್ತಾನೆ, ಪೆಟ್ರೋಲಿನ ನೆಪದಲ್ಲಿ ಅಷ್ಟೋ ಇಷ್ಟೋ ಉಳಿಸುತ್ತಾನೆ. ಬೆಸುಗೆ ಮೇಜಿಗೆ ಕೂತವನಿಗೆ ದುಪ್ಪಟ್ಟು. ಇವು ಯಾವುವೂ ಇಲ್ಲದೆ ಅಂಗಡಿಯಲ್ಲಿ ಧೂಳು ಊದಿ, ಪಾರ್ಟು ಬದಲಿಸುವ ಹೊಸಬನಿಗೆ ಎಲ್ಲರಿಗಿಂತ ಕಡಿಮೆ. ನನ್ನ ತಮ್ಮ ಆ ಕಡೆಯ ಸಾಲಿನವನು. ಅವನು ಕೋರ್ಸ್ ಮಾಡಿದ ಸಂಸ್ಥೆ ಸರ್ಟಿಫಿಕೇಟ್ ಕೊಡುವ ಮೊದಲೇ ಬಾಗಿಲು ಹಾಕಿಕೊಂಡು ಹೋಗಿತ್ತು. ನಮ್ಮ ಅದೃಷ್ಟವೇ ಅಂಥದು.

‘ಬೇರೆ ಕಡೆ ಯಾಕೆ ಅಲೀತೀಯ, ನಾನಿಲ್ವಾ?’ ಎಂದು ಮಾವನೇ ಕರೆದುಕೊಂಡು ಹೋದ. ಅವನದೊಂದು ಕಟ್ಟಳೆಯಿತ್ತು. ರಿಪೇರಿಯಾದ ಯಂತ್ರ ಒಂದು ತಿಂಗಳೊಳಗೆ ಅದೇ ತೊಂದರೆಯೆಂದು ವಾಪಸ್ ಬಂದರೆ ಮಾಡಿದವನ ಸಂಬಳದಲ್ಲಿ ಮುರಿದುಕೊಳ್ಳುವುದು. ಅರ್ಧ ವರ್ಷ ಒಂದೂ ವಾಪಸ್ ಬರದಿದ್ದರೆ ಬೆಸುಗೆ ಮೇಜು, ದುಪ್ಪಟ್ಟು ಸಂಬಳ. ನ್ಯಾಯವಾಗಿಯೇ ಇದೆಯಲ್ಲ ಎಂದು ನಮಗೆಲ್ಲ ಅನ್ನಿಸಿತು. ತಮ್ಮನಿಗಂತೂ ಆ ಭೂತಗನ್ನಡಿಯ ಮೇಲೆಯೇ ಕಣ್ಣು. ಊಟಕ್ಕೆ ಕೂತಾಗಲೂ ಅನ್ನದ ಅಗುಳನ್ನು ಎರಡು ಬೆರಳಲ್ಲಿ ಹಿಡಿದು ಬೆಸುಗೆ ಅಭ್ಯಾಸ ಮಾಡುತ್ತಿದ್ದ. ‘ಲೋ, ತಿನ್ನೋ, ಅದು ಶಾರ್ಟ್ ಆಗಲ್ಲ’ ಎಂದು ನಾನು ಛೇಡಿಸುತ್ತಿದ್ದೆ.

ಅವನ ಕೆಲಸ ಅಚ್ಚುಕಟ್ಟು, ಒಂದು ಸ್ಕ್ರೂವನ್ನೂ ಅರ್ಧ ಬಿಗಿದು ಬಿಡುವವನಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ನನ್ನ ಮದುವೆ ಗೊತ್ತಾಗಿದ್ದ ದಿನಗಳಲ್ಲಿ, ನನ್ನ ಉಗುರುಬಣ್ಣದ ಶೀಶೆ ಕಾಣೆಯಾಯಿತು. ಯಾರೋ ಗೆಳತಿ ಮದುವೆಗೆಂದು ಕೊಟ್ಟಿದ್ದದ್ದು. ಬದನೆಕಾಯಿ ಬಣ್ಣ, ಸಾಲದ್ದಕ್ಕೆ ಒಳಗೆ ಮಿನುಗುವ ಪುಡಿ. ಮಾನವಿರುವ ಯಾವ ಹೆಂಗಸೂ ಅದನ್ನು ಹಚ್ಚಿಕೊಳ್ಳಲಾರಳು. ಹುಡುಕಿದರೆ ಇವನ ಜೇಬಿನಲ್ಲಿತ್ತು.

‘ಏನೋ ಇದು, ಉಗುರಿಗೆ ಬಣ್ಣ ಬಳ್ಕೊಂಡು ಯಾರನ್ನ ಮೆಚ್ಚಿಸೋಕೆ ಹೊರಟಿದ್ದೀಯ?’

‘ಅಯ್ಯೋ ಅಕ್ಕ, ಹಾಕಿದ ಪಾರ್ಟಿನ ಮೂಲೇಲಿ ಒಂದು ಚುಕ್ಕೆ ಇಡ್ತೀನಿ. ಕೂರಿಸಿದ್ದೀನಿ, ಬಿಗಿದಿದ್ದೀನಿ, ಟೆಸ್ಟ್ ಮಾಡಿದ್ದೀನಿ, ಮೂರೂ ಆದ್ರೆ ಮಾತ್ರ ಚುಕ್ಕೆ. ಮರೆವು ಆಗಬಾರದಲ್ಲ.’

ಇಟ್ಟುಕೋ ಎಂದು ಶೀಶೆಯನ್ನು ಅವನಿಗೇ ಕೊಟ್ಟೆ.

ಇಷ್ಟೆಲ್ಲ ಮಾಡಿದರೂ ಇವನು ಮುಟ್ಟಿದ ಯಂತ್ರಗಳು ವಾಪಸ್ ಬಂದವು. ಎಲ್ಲವೂ ಅಲ್ಲ, ಇನ್ನೇನು ಅರ್ಧ ವರ್ಷ ತುಂಬುತ್ತದೆ ಎನ್ನುವಾಗ ಒಂದು, ಮತ್ತೆ ಲೆಕ್ಕ ಶುರುವಾದ ಮೇಲೆ ನಡುವಿನಲ್ಲೊಂದು. ಹೊಸ ಹಾರ್ಡ್ ಡಿಸ್ಕ್ ಹಾಕಿದ್ದರೆ ಅದು ಕೈಕೊಟ್ಟಿರುತ್ತಿತ್ತು, ಹೊಸ ಕರೆಂಟ್ ಡಬ್ಬಿ ಕೂರಿಸಿದ್ದರೆ ಅದು ಸುಟ್ಟಿರುತ್ತಿತ್ತು. ವಾಪಸ್ ಬಂದದ್ದನ್ನು ತೆರೆಯಲು ಮಾವ ಇವನಿಗೆ ಬಿಡುತ್ತಿರಲಿಲ್ಲ. ಗಾಜಿನ ಕೋಣೆಗೆ ಒಯ್ದು, ತಾನೇ ಸರಿಮಾಡಿ, ಗಿರಾಕಿಯ ಮುಂದೆಯೇ ಹೇಳುತ್ತಿದ್ದ: ‘ಹುಡುಗ ಒಳ್ಳೆಯವನು ಸ್ವಾಮಿ, ಅಕ್ಕನ ಮಗ. ಏನ್ ಮಾಡೋದು, ಕೈಗುಣ ಇಲ್ಲ.’ ಗಿರಾಕಿ ಇವನ ಮುಖ ನೋಡುತ್ತಿದ್ದ. ಸಂಬಳ ಮುರಿದದ್ದಕ್ಕಿಂತ ಆ ನೋಟ ನನ್ನ ತಮ್ಮನನ್ನು ತಿಂದು ಹಾಕಿತು.

ನನಗೆ ಮಾವನ ಮೇಲೆ ಅನುಮಾನ ಬರಲಿಲ್ಲವೇ ಎಂದು ಕೇಳಬಹುದು. ಹೇಗೆ ಬರಬೇಕು? ತಮ್ಮ ಕೆಲಸಕ್ಕೆ ಸೇರಿ ವರ್ಷ ಕಳೆದ ಮೇಲೆ ನಾನು ಮದುವೆ ಮುರಿದು ಒಂದು ಸೂಟ್‌ಕೇಸಿನೊಂದಿಗೆ ಮನೆಗೆ ಬಂದಾಗ ನೆಂಟರೆಲ್ಲ ಬುದ್ಧಿ ಹೇಳಲು ಬಂದರು, ಮಾವ ಕಂಪ್ಯೂಟರ್ ಹೊತ್ತುಕೊಂಡು ಬಂದ. ‘ಅಳಬೇಡ, ಬೀದಿ ಕಡೆ ಕೋಣೇಲಿ ಟೈಪಿಂಗ್, ಪ್ರಿಂಟಿಂಗ್ ಶುರು ಮಾಡು. ಇದು ನಾನೇ ಜೋಡಿಸಿದ್ದು, ಒಳಗೆಲ್ಲ ಹೊಸಾ ಸಾಮಾನು’ ಎಂದ. ಹಿಂಭಾಗಕ್ಕೆ ಅವನ ಅಂಗಡಿಯ ಸೀಲ್ ಅಂಟಿಸಿತ್ತು. ‘ಈ ಸೀಲ್ ಮಾತ್ರ ಒಡೀಬೇಡ, ಏನಾದ್ರೂ ನನ್ನನ್ನೇ ಕರಿ’ ಎಂದೂ ಹೇಳಿದ. ಅಂದಿನಿಂದ ನನ್ನ ತುತ್ತು ಆ ಯಂತ್ರದ್ದು. ಒಂದು ದಿನವೂ ಅದು ಕೆಟ್ಟು ನಿಂತದ್ದಿಲ್ಲ. ನನ್ನ ಪಾಲಿಗೆ ಮಾವ ದೇವರಂತಾಗಿದ್ದ.

ಹೀಗಿರುವಾಗ ಒಂದು ಸಂಜೆ ತಮ್ಮ ಬಂದವನೇ ಚೀಲವನ್ನು ಮೂಲೆಗೆಸೆದ. ಮತ್ತೊಂದು ಯಂತ್ರ ವಾಪಸ್ ಬಂದಿತ್ತು, ಈ ಸಲ ಅರ್ಧ ವರ್ಷಕ್ಕೆ ವಾರವಷ್ಟೇ ಬಾಕಿಯಿತ್ತು. ಹೊಸ ಶಾಪಿಂಗ್ ಕಟ್ಟಡದಲ್ಲಿ ಕಾವಲಿನವರು ಬೇಕಂತೆ, ಸೋಮವಾರದಿಂದ ಹೋಗುತ್ತೇನೆ ಎಂದ. ಬಾಗಿಲಲ್ಲಿ ನಿಂತು ಬಂದವರ ಬ್ಯಾಗು ನೋಡುವ ಕೆಲಸಕ್ಕೆ ಇವನ ಸಂಬಳಕ್ಕಿಂತ ಹೆಚ್ಚು ಕೊಡುತ್ತಿದ್ದರು.

‘ಕಲಿತ ವಿದ್ಯೆ ಬಿಟ್ಟು ಬಾಗಿಲು ಕಾಯ್ತೀಯೇನೋ?’

‘ವಿದ್ಯೆ ಇದ್ದು ಏನು ಮಾಡ್ಲಿ ಅಕ್ಕ, ಕೈ ಇಲ್ವಲ್ಲ.’

ಅಮ್ಮ ಒಲೆಯ ಮುಂದಿದ್ದಳು. ಈ ಕಡೆ ತಿರುಗಲಿಲ್ಲ.

ಮರುದಿನ ಶನಿವಾರ. ನನ್ನ ಯಂತ್ರ ಬೆಳಗಿನಿಂದ ಗೊರಗೊರ ಅನ್ನುತ್ತಿತ್ತು, ಧೂಳು ಕಟ್ಟಿತ್ತೋ ಏನೋ. ಮಾವನಿಗೆ ಫೋನ್ ಮಾಡಿದರೆ ನಾಳೆ ಊಟಕ್ಕೆ ಬಂದಾಗ ನೋಡುತ್ತೇನೆ, ಮುಟ್ಟಬೇಡ ಎಂದ. ಹೊರಗೆ ಗಿರಾಕಿಗಳು ಸಾಲು ನಿಂತಿದ್ದಾರೆ, ಇವನು ನಾಳೆ ಎನ್ನುತ್ತಾನೆ. ಅಂಗಡಿಗೆ ಹೋಗದೆ ಮನೆಯಲ್ಲೇ ಇದ್ದ ತಮ್ಮನನ್ನು ಕೂಗಿದೆ. ಬಂದ, ಶಬ್ದ ಕೇಳಿದ, ಫ್ಯಾನ್ ಎಂದ, ಕೈ ಹಿಂದೆ ಕಟ್ಟಿಕೊಂಡು ನಿಂತ.

‘ತೆಗಿ ಮತ್ತೆ.’

‘ಬೇಡ ಅಕ್ಕ. ನಾನು ಮುಟ್ಟಿದ್ರೆ ಕೆಡುತ್ತೆ.’

ಎಷ್ಟು ಮೆಲ್ಲಗೆ ಹೇಳಿದನೆಂದರೆ ನನಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು. ‘ಕೆಟ್ಟರೆ ನನ್ನದು ಕೆಡುತ್ತೆ, ನಿಮ್ಮಪ್ಪನ ಮನೆ ಗಂಟೇನೂ ಹೋಗಲ್ಲ’ ಎಂದು ನಮ್ಮಿಬ್ಬರ ಅಪ್ಪನೂ ಒಬ್ಬನೇ ಎಂಬುದನ್ನು ಮರೆತು ಬೈದೆ. ಸೀಲನ್ನು ನಾನೇ ಉಗುರಿನಿಂದ ಕಿತ್ತೆಸೆದೆ. ಅವನು ಪಕ್ಕದ ತಗಡು ಬಿಚ್ಚಿದ, ಬ್ರಷ್ ತೆಗೆದುಕೊಂಡ, ಧೂಳು ಒರೆಸಿದ. ಒರೆಸುತ್ತಿದ್ದ ಕೈ ಹಾಗೆಯೇ ನಿಂತಿತು.

ಹಾರ್ಡ್ ಡಿಸ್ಕಿನ ಮೂಲೆಯಲ್ಲಿ ಒಂದು ಚುಕ್ಕೆ. ಬದನೆಕಾಯಿ ಬಣ್ಣ, ಒಳಗೆ ಮಿನುಗು. ಕರೆಂಟ್ ಡಬ್ಬಿಯ ಅಂಚಿನಲ್ಲಿ ಇನ್ನೊಂದು, ಮೆಮೊರಿ ಪಟ್ಟಿಯ ಮೇಲೆ ಮತ್ತೊಂದು.

‘ನಿನ್ನ ಮೆಷಿನ್ ನಾನು ಯಾವತ್ತೂ ಮುಟ್ಟಿಲ್ಲ ಅಕ್ಕ’ ಎಂದ.

ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವನಿಗೆ ಬೇಕಾಗಲಿಲ್ಲ. ಇವನು ಗಿರಾಕಿಗಳ ಯಂತ್ರಕ್ಕೆ ಹೊಸ ಪಾರ್ಟು ಹಾಕಿ, ಚುಕ್ಕೆಯಿಟ್ಟು, ಗಾಜಿನ ಕೋಣೆಗೆ ಕಳಿಸಿದ್ದ. ಕಡೇ ಚೆಕಿಂಗ್ ಎಂಬ ಹೆಸರಿನಲ್ಲಿ ಮಾವ ಅದನ್ನು ಕಿತ್ತು, ಎಲ್ಲಿಯದೋ ಹಳೆಯದನ್ನು ಅಲ್ಲಿ ಕೂರಿಸಿದ್ದ. ಹಳೆಯದು ಸತ್ತಾಗ ಇವನ ಸಂಬಳ ಮುರಿದ. ಹೊಸದನ್ನು ತಂದು ನನಗೆ ಉಡುಗೊರೆ ಮಾಡಿದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮೇಯ್ದದ್ದರಲ್ಲಿ ನನಗೂ ಒಂದು ಪಾಲು ಹಾಕಿತ್ತು. ನಾನು ಇಷ್ಟು ದಿನ ಉಂಡದ್ದು ತಮ್ಮನ ಅನ್ನವನ್ನು. ಹಾಕಿದವನೆಂದು ಮಾವನಿಗೆ ಕೈ ಮುಗಿದಿದ್ದೆ.

ಭಾನುವಾರ ಮಾವ ಎಂದಿನಂತೆ ಊಟಕ್ಕೆ ಬಂದ. ಅಮ್ಮ ಬಡಿಸಿದಳು. ನಾನು ತಗಡು ಬಿಚ್ಚಿದ ಯಂತ್ರವನ್ನು ತಂದು ಅವನ ತಟ್ಟೆಯ ಪಕ್ಕದಲ್ಲಿಟ್ಟೆ.

‘ಸೀಲ್ ಯಾರು ಒಡೆದಿದ್ದು?’ ಎಂದ.

‘ನಾನು. ಈ ಚುಕ್ಕೆ ಯಾರದು ಹೇಳಿ.’

‘ಯಾರದು ಅಂದ್ರೆ? ಪಾರ್ಟ್ ಕಳಿಸೋ ಕಂಪನಿಯೋರು ಇಡೋ ಗುರುತು. ಚುಕ್ಕೆ ಇರೋದು ಕೆಡೋದೇ ಇಲ್ಲ, ನಾನು ನೋಡಿದ್ದೀನಲ್ಲ. ಅದಕ್ಕೇ ಆರಿಸಿ ಆರಿಸಿ ನಿನಗೆ ಹಾಕಿದ್ದು.’

ತಮ್ಮ ಎದುರಿಗೇ ಉಣ್ಣುತ್ತಿದ್ದ. ಎಡಗೈಯಿಂದ ಜೇಬಿನ ಶೀಶೆ ತೆಗೆದು ಮಾವನ ತಟ್ಟೆಯ ಮುಂದಿಟ್ಟ. ಮಾವ ಅದನ್ನು ನೋಡಿದ, ಯಂತ್ರವನ್ನು ನೋಡಿದ. ನಾಚಿಕೆಪಟ್ಟನೇ? ಇಲ್ಲ. ನಿಧಾನಕ್ಕೆ ನೀರು ಕುಡಿದ.

‘ನೋಡೋ ಅಳಿಯ, ನಿನ್ನ ಹಿಂದೆ ಒಬ್ಬ ಇದ್ದ. ಬೆಸುಗೆ ಮೇಜಿಗೆ ಕೂರಿಸಿದೆ, ಸಂಬಳ ಏರಿಸಿದೆ. ಮರುವರ್ಷ ಎದುರುಗಡೇನೇ ಅಂಗಡಿ ಹಾಕ್ದ, ಅರ್ಧ ಗಿರಾಕಿಗಳನ್ನ ಎತ್ಕೊಂಡು ಹೋದ. ಕೈ ಬಂದೋನಿಗೆ ಕೈ ಬಂದಿದೆ ಅಂತ ಹೇಳಿದ್ರೆ ಅವನು ನಿಲ್ತಾನಾ? ಹೊರಗಿನ ಹುಡುಗನ ದುಡ್ಡಾದ್ರೆ ಪಾಪ. ನಮ್ಮದು ನಮ್ಮಲ್ಲೇ ತಾನೇ ಇದೆ.’

‘ನನ್ನ ಕೈಗುಣ ಸರಿಯಿಲ್ಲ ಅಂತ ಊರಿಗೆಲ್ಲ ಹೇಳಿದ್ರಲ್ಲ ಮಾವ’ ಎಂದ ತಮ್ಮ. ಅವನಿಗೆ ದುಡ್ಡಿನ ಮಾತು ಕೇಳಿಸಿಯೇ ಇರಲಿಲ್ಲ.

ನನ್ನ ಬಾಯಿಗೆ ಬಂದದ್ದನ್ನೆಲ್ಲ ನಾನು ಅಂದೆ, ಇಲ್ಲಿ ಬರೆಯುವುದಿಲ್ಲ. ಅಮ್ಮ ನನ್ನನ್ನು ಸುಮ್ಮನಿರಿಸಲು ನೋಡಿದಳು, ಆಗಲಿಲ್ಲ. ತನ್ನ ಒಡಹುಟ್ಟಿದವನು ಅರ್ಧ ಊಟದಲ್ಲಿ ಏಳುವನೆಂದು ಗಾಬರಿಯಾಗಿ ನನ್ನ ತಮ್ಮನ ಹೆಗಲ ಮೇಲೆ ಕೈಯಿಟ್ಟಳು.

‘ನಿಮ್ಮ ಮಾವ ನಿನ್ನ ಮೇಲೆ ಕೆಟ್ಟ ಮನಸ್ಸು ಇಟ್ಕೊಂಡಿಲ್ಲ ಕಣಪ್ಪ. ಮೊದಲ ವರ್ಷಾನೇ ನನ್ನ ಹತ್ರ ಹೇಳಿದ್ದ. ಹುಡುಗನ ಕೈ ಬಂಗಾರ ಅಕ್ಕ, ಇಂಥ ಕೈ ನಾನು ನೋಡಿಲ್ಲ ಅಂತ.’

ತಮ್ಮ ಅವಳನ್ನು ನೋಡಿದ. ಮಾವ ತಲೆ ತಗ್ಗಿಸಿದ. ಅಷ್ಟು ಹೊತ್ತಿನಲ್ಲಿ ಅವನು ತಲೆ ತಗ್ಗಿಸಿದ್ದು ಅದೊಂದೇ ಸಲ. ಅಮ್ಮನಿಗೆ ತಾನೇನು ಹೇಳಿದೆನೆಂದು ಇನ್ನೂ ಹೊಳೆದಿರಲಿಲ್ಲ.

‘ನಿನಗೆ ಗೊತ್ತಿತ್ತಾ ಅಮ್ಮ?’

‘ಹೇಳಿದ್ರೆ ನೀನು ಹೆಚ್ಚು ಕೊಡೋರ ಹತ್ರ ಹಾರಿ ಹೋಗ್ತಿದ್ದೆ. ಇಲ್ಲಾದ್ರೆ ಮಧ್ಯಾಹ್ನ ಊಟಕ್ಕಾದ್ರೂ ಮನೆಗೆ ಬರ್ತೀಯ, ಕಣ್ಣೆದುರಿಗೆ ಇರ್ತೀಯ ಅಂತ...’

ಅವನು ಜಗಳವಾಡಲಿಲ್ಲ. ಎದ್ದು ಕೈ ತೊಳೆದ. ತೊಳೆದ ಕೈಯನ್ನು ಒಂದು ಗಳಿಗೆ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ಆಮೇಲೆ ನನ್ನ ಯಂತ್ರದ ತಗಡು ಮುಚ್ಚಿ, ಸ್ಕ್ರೂ ಬಿಗಿದು, ಅದರ ಜಾಗದಲ್ಲಿಟ್ಟು ಹೊರಗೆ ಹೋದ. ಆ ಯಂತ್ರ ನಿನ್ನದೇ ಎಂದು ಆಮೇಲೆ ನಾನು ಕೊಡಲು ಹೋದಾಗ ಅವನು ತೆಗೆದುಕೊಳ್ಳಲಿಲ್ಲ.

ಕಾವಲಿನ ಕೆಲಸಕ್ಕೆ ಹೋಗಲಿಲ್ಲ. ಮಾವನ ಎದುರಿನ ಅಂಗಡಿಗೆ, ಆ ಹಳೆಯ ಹುಡುಗನ ಹತ್ತಿರವೇ ಹೋದ. ಅವನೂ ಸಾಮಾನ್ಯನಲ್ಲ. ಸರ್ಟಿಫಿಕೇಟ್ ಇಲ್ಲ, ಯಂತ್ರಗಳು ವಾಪಸ್ ಬರುತ್ತವೆಂದು ಬೀದಿಗೆಲ್ಲ ಗೊತ್ತು ಎಂದು ಹೊಸಬನ ಸಂಬಳವನ್ನೇ ಗೊತ್ತು ಮಾಡಿದ. ಇಷ್ಟು ವರ್ಷದ ದುಡಿಮೆಗೆ ಲೆಕ್ಕವಿಲ್ಲ, ಮತ್ತೆ ಮೊದಲಿಂದ. ಯಾಕೆ ಒಪ್ಪಿಕೊಂಡೆ ಎಂದು ನಾನು ರೇಗಿದೆ. ‘ಅಲ್ಲಿ ಕಡೇ ಚೆಕಿಂಗ್ ನಾನೇ ಮಾಡ್ತೀನಿ ಅಕ್ಕ’ ಎಂದ. ಚುಕ್ಕೆಯಿಟ್ಟ ಯಂತ್ರ ಈವರೆಗೆ ಒಂದೂ ವಾಪಸ್ ಬಂದಿಲ್ಲ.

ಮನೆಯಲ್ಲೇ ಇದ್ದಾನೆ. ಅಮ್ಮ ಬಯಸಿದ್ದೂ ಅದನ್ನೇ. ಮಧ್ಯಾಹ್ನದ ಊಟಕ್ಕೆ ಮಾತ್ರ ಬರುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ತಾನಾಗಿ ಏನನ್ನೂ ಹೇಳುವುದಿಲ್ಲ. ಮೊನ್ನೆ ಬೆಳಗ್ಗೆ ಅಡುಗೆಮನೆಯ ಮಿಕ್ಸಿ ನಿಂತುಹೋಯಿತು. ಚಪ್ಪಲಿ ಹಾಕಿಕೊಳ್ಳುತ್ತಿದ್ದವನ ಹತ್ತಿರ ಅಮ್ಮ ಅದನ್ನು ಎತ್ತಿಕೊಂಡು ಬಂದಳು. ಏನೋ ನೋಡೋ, ನಿನ್ನ ಕೈಯಲ್ಲಿ ಆಗದ್ದೇನಿದೆ ಎಂದಳು.

‘ಬೇಡ ಅಮ್ಮ’ ಎಂದ, ಮೆಲ್ಲಗೆ. ‘ನಾನು ಮುಟ್ಟಿದ್ರೆ ಕೆಡುತ್ತೆ.’

ಅಮ್ಮ ಮಿಕ್ಸಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಅದರ ವಯರು ನೆಲದ ಮೇಲೆ ಎಳೆದುಕೊಂಡು ಬಂದಿತ್ತು, ನಾನು ಹೋಗಿ ಸುತ್ತಿಟ್ಟೆ.