ಲ್ಯಾಬಿನಿಂದ ಅಳಿಸಿದ ಭಾಷೆ

ಯಳಂದೂರಿನ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಮನೆ ಕೊಳ್ಳೇಗಾಲದಲ್ಲಿ. ಒಂದು ಸೋಮವಾರ ಲ್ಯಾಬಿಗೆ ಹೋದರೆ, ಪ್ರೋಗ್ರಾಂ ಬರೆಯಲೆಂದು ನಾನು ಹಾಕಿಸಿದ್ದ ಫಂಕ್ಷನಲ್ ಭಾಷೆ ಒಂದು ಕಂಪ್ಯೂಟರಿನಲ್ಲೂ ಇರಲಿಲ್ಲ. ವಿಭಾಗದ ಮುಖ್ಯಸ್ಥರು ರಜೆಯ ದಿನವೇ ಜನ ಕರೆಸಿ ಅಳಿಸಿಹಾಕಿಸಿದ್ದರು.

"ಸಿಲಬಸ್ಸಲ್ಲಿ ಜಾವಾ ಇದೆ. ಜಾವಾ ಮಾಡಿ ಮೇಡಂ. ಇಲ್ಲದ್ದೆಲ್ಲ ತಂದು ಹುಡುಗರ ತಲೆ ಕೆಡಿಸ್ಬೇಡಿ," ಎಂದರು.

"ಆಯ್ತು ಸರ್, ಜಾವಾನೇ ಮಾಡ್ತೀನಿ," ಎಂದೆ. ನಾನು ತೆಪ್ಪಗಾದೆ ಎಂದುಕೊಂಡಿರಬೇಕು, ಟೀ ಕುಡಿಯಿರಿ ಎಂದರು. ಕುಡಿಯಲಿಲ್ಲ.

ನಾನು ಕಲಿಸುತ್ತಿದ್ದದ್ದು ದೊಡ್ಡ ರಹಸ್ಯವೇನಲ್ಲ. ಹನೂರಿನ ಸಬ್‌ಸ್ಟೇಷನ್ನಿನಿಂದ ಕರೆಂಟಿನ ಲೈನ್ ಹೊರಡುತ್ತದೆ. ಲೈನಿನಿಂದ ಟ್ರಾನ್ಸ್‌ಫಾರ್ಮರು, ಅದರಿಂದ ಮನೆಗಳು. ಕವಲೊಡೆದ ಮರದ ಹಾಗೆ. ಇದರ ಬಗ್ಗೆ ಕೇಳಲು ನೂರೆಂಟು ಪ್ರಶ್ನೆಗಳಿವೆ: ಈ ಲೈನ್ ಹೋದರೆ ಎಷ್ಟು ಮನೆ ಕತ್ತಲು, ಯಾವ ಟ್ರಾನ್ಸ್‌ಫಾರ್ಮರಿಗೆ ಹೊರೆ ಹೆಚ್ಚು, ಮನೆಗಳ ಹೆಸರೇನು. ಪಠ್ಯಪುಸ್ತಕದ ಜಾವಾದಲ್ಲಿ ಪ್ರತಿ ಹೊಸ ಪ್ರಶ್ನೆಗೂ ಲೈನು, ಟ್ರಾನ್ಸ್‌ಫಾರ್ಮರು, ಮನೆ, ಮೂರರ ಕ್ಲಾಸನ್ನೂ, ಎಂದರೆ ಒಂದೊಂದರ ಕೋಡಿನ ಕಟ್ಟನ್ನೂ, ಬಿಚ್ಚಿ ಕೊಂಬೆ ಕೊಂಬೆಗೂ ಹೋಗಿಬರುವ ಅದೇ ಓಡಾಟವನ್ನು ಮತ್ತೆ ಬರೆಯಬೇಕು. ಫಂಕ್ಷನಲ್ ಭಾಷೆಯಲ್ಲಿ ಹಾಗಿಲ್ಲ. ಮರದ ತುಂಬ ಓಡಾಡುವುದನ್ನು ಒಂದೇ ಸಲ ಬರೆದಿಟ್ಟು, ಪ್ರಶ್ನೆಯನ್ನು ಬೇರೆಯಾಗಿ ಅದರ ಕೈಗೆ ಕೊಡಬಹುದು. ಆ ಅನುಕೂಲವನ್ನು ಜಾವಾಕ್ಕೇ ತಂದುಬಿಟ್ಟರೆ?

ಕೊಳ್ಳೇಗಾಲದ ಬಸ್ಸಿನಲ್ಲಿ ಕೂರಲು ಸೀಟು ಸಿಕ್ಕ ದಿನವೆಲ್ಲ ಅದೇ ಕೆಲಸ. ಅವರು ಅಳಿಸಿಹಾಕಿಸಿದ ನನ್ನ ಆ ಭಾಷೆಯಲ್ಲಿ ಎಂಥ ಮರ ಕೊಟ್ಟರೂ ಅದರ ಓಡಾಟವನ್ನು ಭಾಷೆಯೇ ಹೊಲಿದು ಕೊಡುತ್ತಿತ್ತು. ಜಾವಾ ಜಪ್ಪಯ್ಯ ಎಂದರೂ ಅದಕ್ಕೆ ಒಪ್ಪಲಿಲ್ಲ. ಅಲ್ಲಿ ಸೋತೆ, ಒಂದೊಂದು ಬಗೆಯ ಮರಕ್ಕೆ ಒಂದೊಂದು ಓಡಾಟವನ್ನು ಕೈಯಲ್ಲೇ ಬರೆಯಬೇಕಾಯಿತು. ಆದರೆ ಉಳಿದದ್ದು ಬಂತು. ಒಂದು ಇಂಟರ್‌ಫೇಸು, ಪ್ರಶ್ನೆಗಳೆಲ್ಲ ಒಪ್ಪಬೇಕಾದ ಕರಾರು ಇದ್ದ ಹಾಗೆ. ಮನೆ ಸಿಕ್ಕರೆ ಏನು ಮಾಡಲಿ, ಟ್ರಾನ್ಸ್‌ಫಾರ್ಮರು ಸಿಕ್ಕರೆ ಏನು, ಲೈನ್ ಸಿಕ್ಕರೆ ಏನು ಎಂಬ ಮೂರೇ ಮಾತು ಅದರಲ್ಲಿ. ಉತ್ತರ ಸಂಖ್ಯೆಯೋ ಹೆಸರೋ ಎಂಬುದನ್ನು ಮೊದಲೇ ಹೇಳದೆ, ಆ ಜಾಗದಲ್ಲಿ ಬರೀ ಒಂದು ಅಕ್ಷರ ಬರೆದು ಖಾಲಿ ಬಿಟ್ಟೆ. ಪ್ರಶ್ನೆ ಕೇಳುವವರು ಅದನ್ನು ತುಂಬಿಕೊಳ್ಳಲಿ ಎಂದು. ಅದನ್ನೇ ಜೆನೆರಿಕ್ಸ್ ಎನ್ನುವುದು, ಅದು ಸಿಲಬಸ್ಸಿನಲ್ಲೇ ಇದೆ.

ಬೋರ್ಡಿನ ಮೇಲೆ ಬರೆದಾಗ ಮೊದಲು ಅದರ ಗುಟ್ಟು ಹಿಡಿದವಳು ರಾಮಾಪುರದ ಹುಡುಗಿ. ಅವಳಪ್ಪ ಅಲ್ಲಿಯ ಲೈನ್‌ಮನ್. ನಾನು ಕರೆಂಟಿನ ಉದಾಹರಣೆ ತೆಗೆದುಕೊಂಡದ್ದೂ ಅವಳಿಂದಲೇ.

"ಅಂಗಾರೆ ಮಿಸ್, ನಾಳೆ ಒಸಾ ಪ್ರಶ್ನೆ ಬಂದ್ರೆ ಅಳೇದನ್ನ ಮುಟ್ಟೋದೇ ಬ್ಯಾಡ್ವಾ?"

"ಮುಟ್ಟೋದೇ ಬೇಡ."

"ಅಯ್ಯೋ, ಮೊದ್ಲೇ ಯೋಳ್ಬಾರ್ದಾ!" ಎಂದಳು. ತರಗತಿಯೆಲ್ಲ ನಕ್ಕಿತು. ನನಗೂ ನಗು ಬಂತು.

ಒಂದು ದಿನ ಮುಖ್ಯಸ್ಥರು ಪಾಠದ ನಡುವೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಬೋರ್ಡನ್ನೇ ಬಹಳ ಹೊತ್ತು ನೋಡಿ ಎದ್ದು ನಿಂತರು.

"ಇದು ಅದೇ ಅಲ್ವೇನಮ್ಮ? ನಾನು ತೆಗೆಸಿದ್ದು?"

"ಸರ್, ಇದರಲ್ಲಿ ಜಾವಾ ಅಲ್ಲದ ಒಂದು ಸಾಲು ತೋರಿಸಿ. ಈಗಲೇ ಅಳಿಸ್ತೀನಿ."

ಅವರೇನು ದಡ್ಡರಲ್ಲ. ಮೆಲ್ಲಗೆ ಬೇರೆ ಮಾತು ತೆಗೆದರು. "ನಮ್ಮ ಕಡೆ ಹುಡುಗ್ರಿಗೆ ಇಷ್ಟೆಲ್ಲ ಯಾಕೆ ಹೇಳಿ. ಲ್ಯಾಬ್ ಮ್ಯಾನ್ಯುಯಲ್ಲಲ್ಲಿರೋದು ಬರೆದು ಪಾಸಾದ್ರೆ ಸಾಕಲ್ವಾ? ಎಕ್ಸಾಮಿನರ್ರು ಇದನ್ನ ಓದೋ ಪೈಕಿ ಅಲ್ಲ. ಫೇಲಾದ್ರೆ ಅವರಪ್ಪಂದಿರು ಬಂದು ನಿಲ್ಲೋದು ನನ್ನ ಮುಂದೆ."

ಅವರ ಭಯ ಸುಳ್ಳಲ್ಲ. ಆದರೆ "ನಮ್ಮ ಕಡೆ ಹುಡುಗ್ರಿಗೆ" ಎಂಬ ಆ ಮಾತು ನನ್ನ ಮೈ ಉರಿಸಿತು. ನಾನೂ ಇದೇ ಕಡೆಯವಳು. ಓದುವ ಕಾಲದಲ್ಲಿ ನನಗೂ ಇಷ್ಟೇ ಸಾಕು ಎಂದವರಿದ್ದರು.

ನಾನು ಬಾಯಿ ತೆರೆಯುವ ಮೊದಲೇ ರಾಮಾಪುರದವಳು ಎದ್ದಳು. "ಸಾ, ಫೇಲಾದ್ರೆ ನಾನೇ ಪರೀಕ್ಸೆ ತಿರ್ಗಾ ಕಟ್ತೀನಿ. ನಮ್ಮಪ್ಪ ನಿಮ್ಮತ್ರ ಬರಾಕಿಲ್ಲ ಕಣ್ ಸಾ."

ಮುಖ್ಯಸ್ಥರು ಹೊರಟುಹೋದರು. ನಾನು ಪಾಠ ಮುಂದುವರಿಸಿದೆ.

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಎಕ್ಸಾಮಿನರ್ ಅವಳ ಪ್ರೋಗ್ರಾಂ ನೋಡಿ, "ಮ್ಯಾನ್ಯುಯಲ್ಲಿನಂತೆ ಬರೆದಿಲ್ಲ," ಎಂದರು. "ಓಡ್ತದೆ ಸಾ," ಎಂದಳು ಅವಳು. ಓಡಿತು, ಉತ್ತರವೂ ಸರಿಯಿತ್ತು. ಆದರೂ ಅವರು ಅಂಕ ಕಡಿದರು. ನಾನು ವಾದ ಮಾಡಿದೆ. ಅವರು ವಾಚು ನೋಡಿಕೊಂಡರು. ಅಂಕಪಟ್ಟಿಯ ಕೆಳಗೆ, ಕಾಲೇಜಿನ ಕಡೆಯ ಎಕ್ಸಾಮಿನರ್ ಎಂದು ಹಾಕಿದ ನನ್ನ ಸಹಿಯ ಪಕ್ಕ, ಈ ಕಡಿತಕ್ಕೆ ನನ್ನ ಒಪ್ಪಿಗೆ ಇಲ್ಲ ಎಂದು ಕನ್ನಡದಲ್ಲಿ ಬರೆದೆ. ಹಾಗೆ ಬರೆಯಬಾರದು ಎಂದರು. ಬರೆದಾಗಿತ್ತು.

ಅಂಕ ಹೆಚ್ಚಾಗಲಿಲ್ಲ. ಅವಳು ಸಾಧಾರಣ ದರ್ಜೆಯಲ್ಲಿ ಪಾಸಾದಳು. ಮುಂದಿನ ವರ್ಷ ಮುಖ್ಯಸ್ಥರು ನನಗೆ ಜಾವಾ ಕೊಡಲಿಲ್ಲ, ಮೊದಲ ವರ್ಷದವರಿಗೆ ಟೈಪಿಂಗು, ಕೋಷ್ಟಕ ಹಾಕುವುದು ಕಲಿಸಿ ಎಂದರು. ಕಲಿಸುತ್ತಿದ್ದೇನೆ. ಚೆನ್ನಾಗಿಯೇ ಕಲಿಸುತ್ತೇನೆ, ಯಾರೂ ಬೆರಳು ತೋರಿಸದ ಹಾಗೆ.

ಶನಿವಾರ ಮಧ್ಯಾಹ್ನ ಮಾತ್ರ ನನ್ನದು. ಕೊಳ್ಳೇಗಾಲದ ನಮ್ಮ ಮನೆಯ ನಡುಮನೆಯಲ್ಲಿ ಚಾಪೆ ಹಾಸುತ್ತೇನೆ. ಪಕ್ಕದ ಮನೆಯ ಮಗ್ಗದ ಸದ್ದಿಗೆ ಗಂಟಲೇರಿಸಿ ಮಾತಾಡಬೇಕು. ರಾಮಾಪುರದವಳು ಈಗ ಹನೂರಿನ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಮಾಡುತ್ತಾಳೆ. ತನ್ನ ಜೊತೆಗೆ ಅಜ್ಜೀಪುರದ ಇಬ್ಬರು ಹುಡುಗರನ್ನು ಕರೆದುಕೊಂಡು ಬರುತ್ತಾಳೆ. ಜಾವಾ ನಮಗೆ ಕೊಡದೇ ಉಳಿಸಿಕೊಂಡ ಆ ಒಂದನ್ನು, ಯಾವ ಮರ ಕೊಟ್ಟರೂ ಓಡಾಟ ತಾನೇ ಹುಟ್ಟುವುದನ್ನು, ಹೇಗಾದರೂ ಅದರ ಬಾಯಿಂದ ಕಕ್ಕಿಸಬೇಕೆಂದು ಕೂತಿದ್ದೇವೆ. ಕಳೆದ ವಾರ ಪರದೆಯ ತುಂಬ ಕೆಂಪು ತಪ್ಪುಗಳು ಬಂದವು. "ಇದು ಆಗಾಕಿಲ್ಲ ಮಿಸ್," ಎಂದ ಅಜ್ಜೀಪುರದವನೊಬ್ಬ.

"ಯಾವ್ ಸಾಲಲ್ಲಿ ಆಗಾಕಿಲ್ಲ, ತೋರ್ಸು," ಎಂದು ರಾಮಾಪುರದವಳು ಅವನ ಕೈಯಿಂದ ಲ್ಯಾಪ್‌ಟಾಪ್ ಎಳೆದುಕೊಂಡಳು.