ಜರ್ಸಿಯ ಬೆನ್ನ ಮೇಲಿನ ಹೆಸರು

ಗೆಳೆಯರೇ, ತಿರುಮಣಿಯ ಸೋಲಾರ್ ಪಾರ್ಕ್ ನೋಡಲು ಬಂದಿದ್ದ ಅಮೆರಿಕದ ಎಂಜಿನಿಯರ್ ಒಬ್ಬರು ಇವತ್ತು ನಮ್ಮ ಶಾಲೆಗೂ ಬಂದರು. ನಾನು ಇಲ್ಲಿ ಪಿ.ಟಿ. ಮೇಷ್ಟ್ರು. ಮೈದಾನದಲ್ಲಿ ಹತ್ತನೇ ಕ್ಲಾಸಿನ ಭಾಗ್ಯ ಫುಟ್‌ಬಾಲ್ ಆಡುತ್ತಿದ್ದಳು. ಅವಳ ಜರ್ಸಿಯ ಬೆನ್ನ ಮೇಲೆ ಇಂಗ್ಲೆಂಡ್ ತಂಡದ ನಾಯಕನ ಹೆಸರಿತ್ತು.

ಸಾಹೇಬರು ಅದನ್ನು ಓದಿ, "ಇದು ನಿನ್ನ ತಂದೆಯ ಹೆಸರಾ?" ಎಂದು ಕೇಳಿದರು. ಅವರ ಇಂಗ್ಲಿಷ್ ಪ್ರಶ್ನೆಯನ್ನು ನಾನು ಭಾಗ್ಯಳಿಗೆ ಕನ್ನಡದಲ್ಲಿ ಹೇಳಿದೆ.

ಭಾಗ್ಯ ನಗಲಿಲ್ಲ. "ನಮ್ಮಪ್ಪ ಹನುಮಂತರಾಯಪ್ಪ ಸಾ. ಇದು ಯಾರ ಹೆಸ್ರೂಂತ ಇವ್ರಿಗೆ ಗೊತ್ತಿಲ್ವಾ?" ಎಂದಳು. ಮುಖ ಸಪ್ಪಗಾಯಿತು. ಆ ಜರ್ಸಿಗಾಗಿ ಅವಳು ವರ್ಷವಿಡೀ ಅಪ್ಪನನ್ನು ಕಾಡಿದ್ದು ನನಗೆ ಗೊತ್ತು.

ನಾನು ಫೋನಿನಲ್ಲಿ ಆ ಆಟಗಾರನ ಗೋಲುಗಳನ್ನು ತೋರಿಸಿದೆ. ಸಾಹೇಬರು ಗಮನವಿಟ್ಟು ನೋಡಿದರು. "ಚೆನ್ನಾಗಿ ಆಡುತ್ತಾನೆ. ಆದರೆ ನಮ್ಮೂರ ಬೀದಿಯಲ್ಲಿ ಎದುರಿಗೆ ಬಂದರೂ ನನಗೆ ಗುರುತು ಸಿಗುವುದಿಲ್ಲ. ನಮ್ಮ ಕಡೆ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು" ಎಂದರು.

ಅದನ್ನೂ ಕನ್ನಡಕ್ಕೆ ತಂದೆ. ಭಾಗ್ಯ ಚೆಂಡನ್ನು ಅವರ ಕಾಲ ಬಳಿ ಇಟ್ಟು, "ಪಾಪ, ಬುಡಿ ಸಾ. ಇವ್ರಿಗೆ ಹೇಳ್ಕೊಟ್ಟೋರು ಯಾರೂ ಇಲ್ಲ. ಕಾಲಲ್ಲಿ ಒದಿಯಾಕೆ ಹೇಳಿ" ಎಂದಳು.

"ಏನಂದಳು?" ಎಂದರು ಸಾಹೇಬರು.

"ನಿಮ್ಮ ಜೊತೆ ಆಡಬೇಕಂತೆ" ಎಂದೆ.

ಅವರು ಖುಷಿಯಿಂದ ಶೂ ಲೇಸು ಬಿಗಿದುಕೊಂಡರು. ಅತಿಥಿಗಳಿಗೆ ಎಲ್ಲವನ್ನೂ ಅನುವಾದಿಸುವುದು ಪಿ.ಟಿ. ಮೇಷ್ಟ್ರ ಕೆಲಸವಲ್ಲ.