ಜೋಡಿ ಬುಗ್ಗೆಯ ತೋಳು

ನೀರು ಚಿಮುಕಿಸಿದ ಹತ್ತಿಬಟ್ಟೆಯ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಓಡುವಾಗ ಏಳುವ ವಾಸನೆಯೊಂದಿದೆ. ಮೊನ್ನೆ ದಾವಣಗೆರೆಯ ಚೌಕಿಪೇಟೆಯಲ್ಲಿ ನಡೆಯುತ್ತಿದ್ದಾಗ ತಳ್ಳುಗಾಡಿಯ ಇಸ್ತ್ರಿಯವನ ಕಡೆಯಿಂದ ಅದು ತೇಲಿ ಬಂತು. ಹೋಗಬೇಕಾದ ಅಂಗಡಿ ಮರೆತು ಅಲ್ಲೇ ನಿಂತುಬಿಟ್ಟೆ. ಹರಿಹರದ ನಮ್ಮ ಹಳೆಯ ಮನೆಯ ಪಡಸಾಲೆ, ಕಿಟಕಿಯ ಬೆಳಕಿಗೆ ಮುಖ ಮಾಡಿದ ಹೊಲಿಗೆ ಮಿಷನ್ನು, ಅದರ ಮುಂದೆ ಬಾಗಿ ಕೂತ ಗಿರಿಜತ್ತೆಯ ಬೆನ್ನು ಎಲ್ಲ ಆ ವಾಸನೆಯ ಹಿಂದೆಯೇ ಬಂದವು. ಈಗ ಆ ಮನೆಯಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ನಿಮ್ಮ ಮನೆಯಲ್ಲೂ ಮಿಷನ್ನಿನ ಮುಂದೆ ಬಾಗಿದ ಇಂಥ ಒಂದು ಬೆನ್ನಿದ್ದಿರಬಹುದು. ಇದ್ದಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಗಿರಿಜತ್ತೆ ನನ್ನ ಅಪ್ಪನ ತಂಗಿ. ಕುಕ್ಕುವಾಡಕ್ಕೆ ಮದುವೆಯಾಗಿ ಹೋದವಳು ವರ್ಷ ತುಂಬುವ ಮೊದಲೇ ತಿರುಗಿ ಬಂದಿದ್ದಳು. ಯಾಕೆಂದು ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಗೋಡೆಗೂ ಕಿವಿಯಿದೆ ಎಂದು ಅಜ್ಜ ನಂಬಿದ್ದರು. ಗಂಡನ ಮನೆ ಬಿಟ್ಟವಳು ಥೇಟರಿನ ಮುಂದೆ ಕಂಡರೆ ಊರು ಆಡಿಕೊಳ್ಳುತ್ತದೆಂದು ಅವಳಿಗೆ ಸಿನಿಮಾ ಕೂಡದು ಅಂದಿದ್ದರು. ಅವಳು ಹೊಲಿದದ್ದು ಮದುವೆಮನೆಗಳಿಗೆ ಹೋಗುತ್ತಿತ್ತು, ಅವಳು ಹೋಗುತ್ತಿರಲಿಲ್ಲ. ಓಣಿಯ ಹೆಂಗಸರು ಬಂದು ಕೂತು ಮಾತಾಡುತ್ತಿದ್ದದ್ದೂ ಹೊಲಿಗೆಯ ನೆಪದಲ್ಲೇ. ಅದೊಂದು ನಿಂತರೆ ನಮ್ಮ ಬಾಗಿಲಲ್ಲಿ ‘ಗಿರಿಜಕ್ಕಾ’ ಎಂದು ಕೂಗುವವರು ಯಾರೂ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಎಂಬತ್ತರ ದಶಕದ ಮಾತು. ಬೊಂಬಾಯಿಯಲ್ಲೋ ಮದ್ರಾಸಿನಲ್ಲೋ ಸಿನಿಮಾದವರಿಗೆ ಬಟ್ಟೆ ರೂಪಿಸುವ ಯಾರೋ ಕಾಗದದ ಮೇಲೆ ಒಂದು ಗೆರೆ ಎಳೆದರೆ ಸಾಕು, ಅದು ನಾಯಕಿಯ ಮೈಯೇರಿ, ಪೋಸ್ಟರಿಗಿಳಿದು, ನಮ್ಮೂರಿನ ಮದುವೆ ಚಪ್ಪರದ ತನಕ ಬರುತ್ತಿತ್ತು. ಗಂಡಸರ ಪ್ಯಾಂಟಿನ ಅಗಲ ಬಾಯಿ ಕಿರಿದಾದದ್ದು, ಹೆಂಗಸರ ತೋಳು ಉಬ್ಬಿದ್ದು, ಎಲ್ಲ ಆ ಕಾಣದ ಜನರ ಅಪ್ಪಣೆ. ಅವರ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಾರ, ಹುಕ್ಕು, ಲೈನಿಂಗು ತರಲು ಅತ್ತೆ ನನ್ನನ್ನು ಕರೆದುಕೊಂಡು ದಾವಣಗೆರೆಗೆ ಹೋಗುತ್ತಿದ್ದಳು. ಬಸ್ಸಿನ ಕಿಟಕಿಯಿಂದ ಪಿ.ಬಿ. ರಸ್ತೆಯ ಗೋಡೆಗಳ ಪೋಸ್ಟರುಗಳನ್ನು ಕಣ್ಣಲ್ಲೇ ನುಂಗುತ್ತಿದ್ದಳು. ಮನೆಗೆ ಬಂದವಳೇ ಹಳೆಯ ಪೇಪರು ಹಾಸಿ ನೆನಪಿನಿಂದ ಕತ್ತರಿಸುತ್ತಿದ್ದಳು. ಹಾಗೆ ಒಮ್ಮೆ, ಪೋಸ್ಟರಿನಲ್ಲಿ ಕಂಡಂತೆ, ಭುಜದಲ್ಲೊಂದು, ಮೊಣಕೈಯ ಮೇಲೊಂದು, ಎರಡು ಬುಗ್ಗೆಗಳ ತೋಳು ಹೊಲಿದಳು. ನಾಯಕಿ ತೊಟ್ಟ ತೋಳೆಂದು ಹೆಂಗಸರು ಮುಗಿಬಿದ್ದರು. ಹತ್ತಿರದ ಊರು ಕೊಂಡಜ್ಜಿಯಿಂದಲೂ ಬಟ್ಟೆ ಬಂತು. ಪಡಸಾಲೆಯಲ್ಲಿ ಇಡೀ ದಿನ ಬಳೆಗಳ ಸದ್ದು, ನಗು. ಅತ್ತೆ ಮಾತ್ರ ಮೊಣಕೈ ಮುಚ್ಚುವ ಬೂದು ಜಂಪರಿನಲ್ಲೇ ಇದ್ದಳು.

ಅಜ್ಜ ತೀರಿಕೊಂಡ ಮೇಲೆ ಆ ಪೋಸ್ಟರಿನ ಸಿನಿಮಾ ಹರಿಹರಕ್ಕೆ ಇನ್ನೊಮ್ಮೆ ಬಂತು. ಅತ್ತೆ ನನ್ನ ಕೈ ಹಿಡಿದುಕೊಂಡು ಮ್ಯಾಟಿನಿಗೆ ಹೋದಳು. ಪರದೆಯ ಮೇಲೆ ನಾಯಕಿ ಬಂದಳು, ಅದೇ ಬ್ಲೌಸು. ಆದರೆ ತೋಳಿಗಿದ್ದದ್ದು ಒಂದೇ ಬುಗ್ಗೆ. ಅತ್ತೆ ಆಮೇಲೆ ಕಥೆಯನ್ನು ನೋಡಿದಳೆಂದು ನನಗನ್ನಿಸುವುದಿಲ್ಲ. ಹೊರಗೆ ಬಂದು ಗೋಡೆಯ ದೊಡ್ಡ ಪೋಸ್ಟರಿನ ಮುಂದೆ ನಿಂತಳು. ಇಂಥ ಪೋಸ್ಟರಿನ, ತುಂಡು ತುಂಡಾಗಿ ಬರುವ ಹಾಳೆಗಳನ್ನು ಅಂಚಿನ ಮೇಲೆ ಅಂಚು ಕೂರಿಸಿ ಅಂಟಿಸಬೇಕು. ಅತ್ತೆ ಅಂದು ಬಸ್ಸಿನಿಂದ ನೋಡಿದ್ದ ಪಿ.ಬಿ. ರಸ್ತೆಯ ಗೋಡೆಯಲ್ಲಿ ಕೆಳಗಿನ ಹಾಳೆ ಜಾರಿ, ಎರಡೂ ಅಂಚಿನಲ್ಲಿ ಅಚ್ಚಾದ ಅದೇ ಬುಗ್ಗೆ ಎರಡು ಸಲ ಕಂಡಿರಬೇಕು. ಎದುರಿನ ಪೋಸ್ಟರಿನ ಜೋಡಣೆಯ ಗೆರೆಯನ್ನು ಅತ್ತೆ ಬೆರಳಲ್ಲಿ ಸವರಿದಳು. ಅಳುತ್ತಾಳೆಂದುಕೊಂಡೆ. ಅವಳು ಮೆಲ್ಲಗೆ ಅಂದಳು: “ಹಂಗಾದ್ರೆ ಅದು ನಂದೇ ಆತಲ್ಲ.”

ಮನೆಯವರೆಗೂ ಅವಳ ಮುಖದಲ್ಲಿದ್ದ ಬೆಳಕನ್ನು ನಾನು ಮತ್ತೆ ಯಾರ ಮುಖದಲ್ಲೂ ಕಂಡಿಲ್ಲ. ಮರುವಾರ ಪಕ್ಕದ ಮನೆಯ ಶಾಂತಕ್ಕ ಮಗಳ ಮದುವೆಯ ಬಟ್ಟೆ ತಂದು, ಸಿನಿಮಾದ ತೋಳೇ ಇರಲಿ ಎಂದಾಗ ಅತ್ತೆಗೆ ತಡೆಯಲಾಗಲಿಲ್ಲ. “ಅದು ಸಿನಿಮಾದ್ದಲ್ಲ ಶಾಂತಕ್ಕ, ನಾನೇ ಮಾಡಿದ್ದು” ಅಂದಳು. ಶಾಂತಕ್ಕ ನಕ್ಕು, ಬಟ್ಟೆ ಮಡಚಿಕೊಂಡು, ಅಳತೆ ಬ್ಲೌಸು ಮರೆತೆನೆಂದು ಎದ್ದು ಹೋದಳು. ಮತ್ತೆ ಬರಲಿಲ್ಲ. ನಲ್ಲಿಯ ಹತ್ತಿರ ಅವಳು ಆಡಿದ್ದು ನನ್ನ ಕಿವಿಗೇ ಬಿತ್ತು: “ಬಾಳುವೆ ಮಾಡದೋಳ ತಲ್ಯಾಗೆ ಹುಟ್ಟಿದ್ದನ್ನ ಮದುವಣಗಿತ್ತಿಗೆ ಹೆಂಗ ತೊಡಸದು?” ಹೊಲಿಯುವ ಕೈ ಅತ್ತೆಯದಾದರೂ ರೂಪ ಯಾರೋ ದೊಡ್ಡವರದೆಂಬ ಸಮಾಧಾನ ಅವರಿಗೆಲ್ಲ ಇತ್ತು, ಅತ್ತೆ ಅದನ್ನು ಕಿತ್ತುಕೊಂಡಿದ್ದಳು. ಒಬ್ಬೊಬ್ಬರೇ ಬರುವುದು ಬಿಟ್ಟರು. ಸೀರೆಗೆ ಫಾಲ್ ಹಚ್ಚುವ ಕೆಲಸವಷ್ಟೇ ಉಳಿಯಿತು. ಸಿನಿಮಾದ್ದೆಂದೇ ಹೇಳಿದ್ದರೆ ಏನು ಹೋಗುತ್ತಿತ್ತು ಎಂದು ಅಮ್ಮ ಗೊಣಗಿದಳು. ನನಗೆ ಇವತ್ತಿಗೂ ಶಾಂತಕ್ಕನ ಮೇಲಿನ ಸಿಟ್ಟು ಇಳಿದಿಲ್ಲ.

ಅತ್ತೆ ಟ್ರಂಕಿನಿಂದ ಕೆಂಪು ಬಟ್ಟೆಯೊಂದನ್ನು ತೆಗೆದು ತನ್ನ ಅಳತೆಗೆ ಜೋಡಿ ಬುಗ್ಗೆಯ ತೋಳು ಹೊಲಿದು ತೊಟ್ಟಳು. ಆಮೇಲೆ ಬೇರೆ ತೋಳು ತೊಡಲೇ ಇಲ್ಲ. ಬುಗ್ಗೆ ತೋಳಿನ ಕಾಲವೇ ಮುಗಿದು, ಎಲ್ಲರ ತೋಳುಗಳು ಚಪ್ಪಟೆಯಾದ ಮೇಲೂ ಇಡೀ ಹರಿಹರದಲ್ಲಿ ಅವಳೊಬ್ಬಳ ತೋಳು ಹಾಗೆಯೇ ಉಬ್ಬಿಕೊಂಡಿತ್ತು. ನಾನು ದಾವಣಗೆರೆಯ ಕಾಲೇಜಿನಿಂದ ಸಂಜೆ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ಎಷ್ಟೇ ಜನರಿದ್ದರೂ ಆ ತೋಳಿನಿಂದ ಅವಳನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದೆ. ಅತ್ತೆ ತೀರಿಹೋಗಿ ಬಹಳ ವರ್ಷವಾಯಿತು. ಈಗಲೂ ಅಲ್ಲಿ ಇಳಿದರೆ ಕಣ್ಣು ಮೊದಲು ಹೆಂಗಸರ ತೋಳುಗಳ ಮೇಲೆ ಹರಿಯುತ್ತದೆ. ಎಲ್ಲ ಚಂದವಾಗಿವೆ, ಎಲ್ಲ ಎಲ್ಲಿಂದಲೋ ಬಂದವು. ನನ್ನನ್ನು ಕಾಯುತ್ತ ನಿಂತವರು ಯಾರೂ ಇಲ್ಲ.